ಪ್ಯಾಂಕ್ರಿಯಾಸ್ ಕ್ಯಾನ್ಸರ್‌ಗೆ ‘ಶಬ್ದದ ಚಿಕಿತ್ಸೆ’: ಜಾಗ ಮಾರಿ ಹೋಗಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಮಲ್ಪೆ. ಅಪ್ಪನಿಗೆ 63 ವರ್ಷ. ಮೀನಿನ ಬೋಟಿನಲ್ಲಿ ತಂಡೇಲರಾಗಿದ್ದವರು, ಅಂದರೆ ಬೋಟ್ ನಡೆಸುವವರು. ಆರು ತಿಂಗಳ ಹಿಂದೆ ಕಾಮಾಲೆ ಕಾಣಿಸಿಕೊಂಡಿತು. ಮೊದಲು ಹಳ್ಳಿಮದ್ದು ಮಾಡಿದೆವು. ಕಡಿಮೆ ಆಗದೆ ಸ್ಕ್ಯಾನ್ ಮಾಡಿಸಿದಾಗ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್ ಅಂತ ಗೊತ್ತಾಯಿತು. ಲಿವರ್‌ಗೂ ಹರಡಿದೆ, ಆಪರೇಷನ್ ಆಗುವುದಿಲ್ಲ ಅಂದರು. ಪಿತ್ತನಾಳ ತೆರೆದಿಡಲು ಸ್ಟೆಂಟ್ ಅನ್ನುವ ಕೊಳವೆ ಹಾಕಿದ್ದಾರೆ, ಕೀಮೋ ನಡೆಯುತ್ತಿದೆ. ಈಗ ದೊಡ್ಡ ಕಷ್ಟ ಅಂದರೆ ನೋವು. ಹೊಟ್ಟೆಯಿಂದ ಬೆನ್ನಿಗೆ ಹೊಡೆಯುತ್ತದೆ. ರಾತ್ರಿ ಮಲಗಲಿಕ್ಕೆ ಆಗುವುದಿಲ್ಲ, ದಿಂಬು ತಬ್ಬಿಕೊಂಡು ಮುಂದಕ್ಕೆ ಬಾಗಿ ಕೂರುತ್ತಾರೆ. ದುಬೈಯಲ್ಲಿರುವ ಭಾವ ಒಂದು ವಿಡಿಯೋ ಕಳಿಸಿದ್ದಾರೆ. ಕೊಯ್ಯುವುದೂ ಇಲ್ಲ, ಹೊಲಿಗೆಯೂ ಇಲ್ಲ, ಶಬ್ದದಿಂದಲೇ ಗಡ್ಡೆ ಸುಡುತ್ತಾರಂತೆ. ಚೀನಾಕ್ಕೆ ಹೋಗಬೇಕು. ಏಜೆಂಟ್ ಈಗಲೇ ಮುಂಗಡ ಕೇಳುತ್ತಿದ್ದಾರೆ. ಅಪ್ಪನ ಹೆಸರಿನಲ್ಲಿ 12 ಸೆಂಟ್ಸ್ ಜಾಗ ಇದೆ. ಮಾರಿ ಹೋಗುವುದಾ? ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಿಲ್ಲ, ಕರುಳಿನ ಹುಣ್ಣು ಅಂದಿದ್ದೇವೆ.

ಉತ್ತರ: ಮೊದಲು ಉತ್ತರ ಹೇಳಿಬಿಡುತ್ತೇನೆ, ಆಮೇಲೆ ಕಾರಣ. ಈಗ ಜಾಗ ಮಾರಬೇಡಿ. ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಭಾವ ಕಳಿಸಿದ ವಿಡಿಯೋ ಸುಳ್ಳು ಅಂತ ಅಲ್ಲ. ಆ ಯಂತ್ರ ಇದೆ, ಚಿಕಿತ್ಸೆಯೂ ನಿಜ. ಆದರೆ ನಿಮ್ಮ ಅಪ್ಪನ ಸ್ಥಿತಿಯಲ್ಲಿ ಅದರಿಂದ ಆಗಬಹುದಾದ ಮುಖ್ಯ ಉಪಕಾರ ನೋವು ಇಳಿಯುವುದು. ಆ ಕೆಲಸಕ್ಕೆ ಚೀನಾಕ್ಕೆ ಹೋಗುವ ಮೊದಲು ಮಣಿಪಾಲಕ್ಕೆ ಹೋಗಬಹುದು. ನಿಮ್ಮ ಪತ್ರ ಎರಡು ಸಲ ಓದಿದೆ. ಅಪ್ಪನಿಗೆ ನೋವಿಗೆ ಏನು ಕೊಡುತ್ತಿದ್ದಾರೆ ಅಂತ ಎಲ್ಲೂ ಬರೆದಿಲ್ಲ. ನನಗೆ ಅದೇ ಹೆಚ್ಚು ಚಿಂತೆ.

ಈಗ ಆ ಯಂತ್ರದ ವಿಚಾರ. ಅದನ್ನು ಫೋಕಸ್ಡ್ ಅಲ್ಟ್ರಾಸೌಂಡ್ ಅನ್ನುತ್ತಾರೆ, ಹೈಫು ಅಂತಲೂ ಕರೆಯುತ್ತಾರೆ. ನಾನು ಮಂಗಳೂರಿನಲ್ಲಿ ದಿನಾ ಸ್ಕ್ಯಾನಿಂಗ್ ಮಾಡುವವನು. ನಮ್ಮ ಸ್ಕ್ಯಾನಿಂಗ್‌ನಲ್ಲಿ ಬಳಸುವ ಶಬ್ದ ಮತ್ತು ಇದರ ಶಬ್ದ ಒಂದೇ ಜಾತಿಯದು. ಕಿವಿಗೆ ಕೇಳಿಸುವುದಿಲ್ಲ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನದವರೆಗೆ ಕೇಳಿಸಿದರೆ ದೊಡ್ಡದು. ಹೈಫುವಿನಲ್ಲಿ ಅದು ಎಂಟು ಹತ್ತು ಲಕ್ಷದ ಲೆಕ್ಕ. ಮುಖ್ಯ ವ್ಯತ್ಯಾಸ ಇರುವುದು ಬಲದಲ್ಲಿ. ಸ್ಕ್ಯಾನಿಂಗ್‌ನಲ್ಲಿ ನಾವು ಶಬ್ದವನ್ನು ಮೆಲ್ಲಗೆ ಕಳಿಸಿ ಪ್ರತಿಧ್ವನಿ ಕೇಳಿಸಿಕೊಳ್ಳುತ್ತೇವೆ. ಹೈಫುವಿನಲ್ಲಿ ಬಟ್ಟಲಿನ ಆಕಾರದ ಅಗಲ ಸಾಧನದಿಂದ ಶಬ್ದವನ್ನು ಕಳಿಸಿ ಒಳಗೆ ಒಂದೇ ಬಿಂದುವಿಗೆ ಸೇರಿಸುತ್ತಾರೆ. ಆ ಬಿಂದುವಿನಲ್ಲಿ ಅದರ ಬಲ ಸ್ಕ್ಯಾನಿಂಗ್‌ಗಿಂತ ಸಾವಿರಾರು ಪಟ್ಟು ಜಾಸ್ತಿ. ದಾರಿಯಲ್ಲಿ ಚರ್ಮ, ಕೊಬ್ಬು ಎಲ್ಲ ಸ್ವಲ್ಪ ಬೆಚ್ಚಗಾಗುತ್ತವೆ ಅಷ್ಟೇ. ಸೇರುವ ಜಾಗದಲ್ಲಿ ಮಾತ್ರ ಕೆಲವೇ ಸೆಕೆಂಡುಗಳಲ್ಲಿ 60 ಡಿಗ್ರಿ ದಾಟುತ್ತದೆ. ಮೊಟ್ಟೆಯ ಬಿಳಿ ಬೆಂದು ಗಟ್ಟಿಯಾದ ಹಾಗೆ ಅಲ್ಲಿನ ಜೀವಕೋಶ ಬೆಂದು ಸಾಯುತ್ತದೆ. ಒಂದು ಸಲಕ್ಕೆ ಬೇಯುವುದು ಒಂದು ಕುಚ್ಚಲಕ್ಕಿ ಕಾಳಿನಷ್ಟು ಜಾಗ. ಹಾಗೆ ಕಾಳು ಕಾಳಾಗಿ ಗಡ್ಡೆಯನ್ನು ತುಂಬುತ್ತಾ ಹೋಗಬೇಕು.

ಕೇಳಲಿಕ್ಕೆ ಎಷ್ಟು ಚಂದ, ಅಲ್ವಾ? ಹಾಗಾದರೆ ಎಲ್ಲ ಗಡ್ಡೆಗೂ ಯಾಕೆ ಮಾಡುವುದಿಲ್ಲ?

ಇದನ್ನು ನಿಮ್ಮ ಅಪ್ಪನಿಗೆ ಹೇಳಿದರೆ ನನಗಿಂತ ಬೇಗ ಅರ್ಥ ಮಾಡಿಕೊಂಡಾರು. ಬೋಟಿನಲ್ಲಿ ಫಿಶ್ ಫೈಂಡರ್ ಇರುತ್ತದಲ್ಲ, ಅದೂ ಇದೇ ವಿದ್ಯೆ. ಶಬ್ದ ನೀರಿನಲ್ಲಿ ಸಲೀಸಾಗಿ ಇಳಿಯುತ್ತದೆ. ಬೂತಾಯಿಯ ಹಿಂಡು ಬಂದಾಗ ಪರದೆ ಮೇಲೆ ಮೋಡದ ಹಾಗೆ ಕಾಣುತ್ತದೆ. ಅಲ್ಲಿ ಕಾಣುವುದು ಬಹುಪಾಲು ಮೀನಿನ ಮಾಂಸ ಅಲ್ಲ, ಅದರ ಹೊಟ್ಟೆಯೊಳಗಿನ ಗಾಳಿಚೀಲ. ಯಾಕೆಂದರೆ ಶಬ್ದ ನೀರಿನಿಂದ ಗಾಳಿಗೆ ದಾಟುವುದಿಲ್ಲ. ಗಾಳಿ ಸಿಕ್ಕಿದ ಕೂಡಲೇ ಗೋಡೆಗೆ ಹೊಡೆದ ಚೆಂಡಿನ ಹಾಗೆ ವಾಪಸ್ ಬರುತ್ತದೆ. ಮೀನು ಹುಡುಕುವವನಿಗೆ ಅದು ಅದೃಷ್ಟ. ನಮಗೆ ತಲೆನೋವು.

ಪ್ಯಾಂಕ್ರಿಯಾಸ್ ಇರುವುದು ಹೊಟ್ಟೆಯ ತೀರಾ ಹಿಂದೆ, ಬೆನ್ನುಮೂಳೆಗೆ ಒತ್ತಿಕೊಂಡು. ಅದರ ಮುಂದೆ ಜಠರ, ಕರುಳು. ಅವುಗಳ ತುಂಬ ಗ್ಯಾಸ್. ನಿಮ್ಮ ಮನೆಯಲ್ಲಿ ಯಾರದ್ದಾದರೂ ಹಳೆಯ ಹೊಟ್ಟೆ ಸ್ಕ್ಯಾನಿಂಗ್ ರಿಪೋರ್ಟ್ ಇದ್ದರೆ ತೆಗೆದು ನೋಡಿ. ‘ಗ್ಯಾಸ್ ಇರುವುದರಿಂದ ಪ್ಯಾಂಕ್ರಿಯಾಸ್ ಸರಿಯಾಗಿ ಕಾಣುವುದಿಲ್ಲ’ ಅಂತ ಒಂದು ಸಾಲು ಇರುವ ಸಾಧ್ಯತೆ ಜಾಸ್ತಿ. ಆ ಸಾಲನ್ನು ನಾನು ಎಷ್ಟು ಸಾವಿರ ಸಲ ಬರೆದಿದ್ದೇನೋ ಲೆಕ್ಕ ಇಲ್ಲ. ನೋಡಲಿಕ್ಕೇ ಹೀಗೆ ಅಡ್ಡಿಯಾದರೆ ಸುಡುವಾಗ ಏನು? ಗ್ಯಾಸ್‌ಗೆ ಬಡಿದ ಶಬ್ದ ಅಲ್ಲೇ ಶಾಖ ಬಿಡುತ್ತದೆ. ಬೇಯಬೇಕಾದದ್ದು ಗಡ್ಡೆ, ಬೇಯುವುದು ಕರುಳಿನ ಗೋಡೆ. ಕರುಳು ತೂತಾದರೆ ಅದೇ ಒಂದು ದೊಡ್ಡ ಆಪತ್ತು. ಕೀಮೋದಿಂದ ಸೋತ ದೇಹಕ್ಕೆ ಅದನ್ನು ತಡೆಯುವ ಶಕ್ತಿ ಇರುವುದಿಲ್ಲ.

ಅದಕ್ಕೇ ಈ ಚಿಕಿತ್ಸೆಗೆ ಮೊದಲು ದೊಡ್ಡ ತಯಾರಿ ಇದೆ. ವಿಡಿಯೋದಲ್ಲಿ ಅದನ್ನು ತೋರಿಸಿರಲಿಕ್ಕಿಲ್ಲ. ಕೆಲವು ದಿನ ನಾರಿಲ್ಲದ, ಗ್ಯಾಸ್ ಆಗದ ಊಟ. ಆಮೇಲೆ ಉಪವಾಸ, ಭೇದಿ ಔಷಧಿ, ಎನಿಮಾ. ಚೀನಾದ ಹಾಸಿಗೆ ಮಾದರಿಯ ಯಂತ್ರದಲ್ಲಿ ರೋಗಿಯನ್ನು ಹೆಚ್ಚಾಗಿ ಕವುಚಿ ಮಲಗಿಸುತ್ತಾರೆ. ಹೊಟ್ಟೆಯ ಅಡಿಯಲ್ಲಿ ಗಾಳಿ ತೆಗೆದ ನೀರಿನ ತೊಟ್ಟಿ. ನೀರು ತುಂಬಿದ ಬಲೂನಿನಿಂದ ಒತ್ತಿ ಕರುಳನ್ನು ಪಕ್ಕಕ್ಕೆ ಸರಿಸುತ್ತಾರೆ. ಅಲುಗಾಡಬಾರದು, ನೋವೂ ಆಗುತ್ತದೆ, ಹಾಗಾಗಿ ಅರಿವಳಿಕೆ ಬೇಕು. ಆದ ಮೇಲೆ ಕೆಲವು ದಿನ ಪ್ಯಾಂಕ್ರಿಯಾಸ್ ಊದಿಕೊಂಡಿದೆಯಾ, ಚರ್ಮ ಸುಟ್ಟಿದೆಯಾ ಅಂತ ಕಾಯುತ್ತಾರೆ. ಕೊಯ್ಯುವುದಿಲ್ಲ ಅನ್ನುವುದು ಸರಿ. ಸಲೂನಿಗೆ ಹೋಗಿ ಬಂದ ಹಾಗೆ ಅಂತ ತಿಳಿಯಬೇಡಿ.

ನಿಮ್ಮ ಅಪ್ಪನ ಸ್ಟೆಂಟ್ ವಿಚಾರವೂ ಇದೆ. ಪಿತ್ತನಾಳದ ಸ್ಟೆಂಟ್ ಪ್ಲಾಸ್ಟಿಕ್‌ನದು ಇರುತ್ತದೆ, ಲೋಹದ್ದೂ ಇರುತ್ತದೆ. ಲೋಹದ ಜಾಲರಿ ಗಡ್ಡೆಯ ನಡುವೆ ಇದ್ದರೆ ಶಬ್ದವನ್ನು ಚದುರಿಸುತ್ತದೆ, ಸುತ್ತ ಕಾವು ಏರಬಹುದು. ಯಾವುದು ಹಾಕಿದ್ದಾರೆ ಅಂತ ಡಿಸ್ಚಾರ್ಜ್ ಕಾಗದದಲ್ಲಿ ಬರೆದಿರುತ್ತದೆ. ಗಡ್ಡೆ ಸಣ್ಣ ಕರುಳಿನ ಮೊದಲ ಭಾಗಕ್ಕೆ ಕೊರೆದುಕೊಂಡು ಹೋಗಿದ್ದರೆ ತೂತಾಗುವ ಭಯ ಇನ್ನೂ ಜಾಸ್ತಿ. ಸಿ.ಟಿ. ನೋಡದೆ ‘ಕರ್ಕೊಂಡು ಬನ್ನಿ, ಮಾಡೋಣ’ ಅಂತ ಯಾರಾದರೂ ಹೇಳಿದರೆ ಅವರಿಗೆ ಬೇಕಾದ್ದು ನಿಮ್ಮ ಮುಂಗಡ. ಏಜೆಂಟರು ಸಿ.ಟಿ. ಸಿ.ಡಿ. ಕೇಳಿದರಾ, ಹಣ ಕೇಳಿದರಾ?

ಇಷ್ಟೆಲ್ಲ ಹೇಳಿದ ಮೇಲೆ ನ್ಯಾಯವಾಗಿ ಇನ್ನೊಂದು ಬದಿಯನ್ನೂ ಹೇಳಬೇಕು. ಚೀನಾದ ಚಾಂಗ್‌ಕಿಂಗ್ ಈ ತಂತ್ರದ ದೊಡ್ಡ ಕೇಂದ್ರ. ಅಲ್ಲಿ ತಯಾರಾದ ಯಂತ್ರಗಳು ಯುರೋಪಿಗೂ ಹೋಗಿವೆ. ಜರ್ಮನಿಯ ಬಾನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಪ್ಯಾಂಕ್ರಿಯಾಸ್‌ಗೆ ಇದನ್ನು ಮಾಡಿ, ವರದಿಗಳನ್ನೂ ಪ್ರಕಟಿಸಿದ್ದಾರೆ. ಕೊರಿಯಾ, ಇಟಲಿ, ಸ್ಪೇನ್‌ನಿಂದಲೂ ವರದಿಗಳಿವೆ. ಎಲ್ಲದರಲ್ಲೂ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. ಸರಿಯಾಗಿ ಆರಿಸಿದ ರೋಗಿಗಳಲ್ಲಿ ಬಹುಪಾಲು ಜನಕ್ಕೆ ನೋವು ಕಡಿಮೆಯಾಯಿತು. ಕೆಲವರಿಗೆ ಕೆಲವೇ ದಿನಗಳಲ್ಲಿ. ಇದನ್ನು ನಾನು ನಂಬುತ್ತೇನೆ. ಪ್ಯಾಂಕ್ರಿಯಾಸ್‌ನ ಹಿಂದೆ, ದೊಡ್ಡ ರಕ್ತನಾಳದ ಮುಂದೆ ಒಂದು ನರಜಾಲ ಇದೆ. ಗಡ್ಡೆ ಆ ನರಗಳ ಒಳಗೆ ಹೊಕ್ಕುತ್ತದೆ. ಬೆನ್ನಿಗೆ ಹೊಡೆಯುವ, ಮಲಗಿದರೆ ಜೋರಾಗುವ, ಬಾಗಿ ಕೂತರೆ ತುಸು ಹಗುರಾಗುವ ಆ ನೋವು ಅಲ್ಲಿಂದ ಬರುವುದು. ಅಪ್ಪ ದಿಂಬು ತಬ್ಬಿಕೊಂಡು ಕೂರುತ್ತಾರೆ ಅಂತ ನೀವು ಬರೆದ ಒಂದು ಸಾಲು ಸಾಕು, ಯಾವ ಡಾಕ್ಟರಿಗೂ ಅರ್ಥ ಆಗುತ್ತದೆ. ಶಾಖಕ್ಕೆ ಗಡ್ಡೆಯ ಜೊತೆ ಆ ನರಗಳೂ ಸುಟ್ಟರೆ ನೋವಿನ ಸುದ್ದಿ ಮೆದುಳಿಗೆ ಹೋಗುವುದು ನಿಲ್ಲುತ್ತದೆ.

ಆಯಸ್ಸು ಜಾಸ್ತಿ ಆಗುತ್ತದಾ? ವಿಡಿಯೋ ಹಾಗೆ ಹೇಳಿರಬಹುದು. ಇಲ್ಲಿ ಎಚ್ಚರ ಬೇಕು. ಪ್ಯಾಂಕ್ರಿಯಾಸ್‌ನ ಹೈಫು ಬಗ್ಗೆ ಬಂದ ವರದಿಗಳಲ್ಲಿ ಬಹುಪಾಲು ‘ಇಷ್ಟು ಜನಕ್ಕೆ ಮಾಡಿದೆವು, ಹೀಗಾಯಿತು’ ಅನ್ನುವ ತರಹದವು. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಹೈಫು, ಅರ್ಧ ಜನಕ್ಕೆ ಬರೀ ಕೀಮೋ ಕೊಟ್ಟು ಹೋಲಿಸುವ ದೊಡ್ಡ ಅಧ್ಯಯನದ ಬಲ ಅದಕ್ಕೆ ಇಲ್ಲ. ಇಂಥ ವರದಿಯಲ್ಲಿ ಒಂದು ಮೋಸ ತಾನಾಗಿಯೇ ಸೇರಿಕೊಳ್ಳುತ್ತದೆ, ಯಾರೂ ಬೇಕೆಂದು ಮಾಡಬೇಕಾಗಿಲ್ಲ. ವಿಮಾನ ಹತ್ತಿ ಅಷ್ಟು ದೂರ ಹೋಗಿ, ಉಪವಾಸ ಮಾಡಿ, ಅರಿವಳಿಕೆ ತಡೆದುಕೊಳ್ಳಬಲ್ಲವರು ಯಾರು? ಮೊದಲೇ ಸ್ವಲ್ಪ ಗಟ್ಟಿ ಇರುವವರು. ತೀರಾ ಸೋತವರು ಮಂಗಳೂರು ಏರ್‌ಪೋರ್ಟ್ ತನಕವೂ ಹೋಗಲಾರರು. ಗಟ್ಟಿ ಇದ್ದವರು ಜಾಸ್ತಿ ದಿನ ಬದುಕಿದರೆ ಆ ಪುಣ್ಯ ಯಂತ್ರಕ್ಕೆ ಹೋಗುತ್ತದೆ. ಅವರಲ್ಲಿ ಬಹಳ ಜನ ಕೀಮೋ ಕೂಡ ತೆಗೆದುಕೊಂಡಿರುತ್ತಾರೆ.

ಇನ್ನು ನಿಮ್ಮ ಅಪ್ಪನಿಗೆ ಕಾಯಿಲೆ ಲಿವರ್‌ಗೆ ಹರಡಿದೆ. ಹೈಫು ಒಂದು ಜಾಗದ ಚಿಕಿತ್ಸೆ. ಪ್ಯಾಂಕ್ರಿಯಾಸ್‌ನ ಗಡ್ಡೆ ಪೂರ್ತಿ ಸುಟ್ಟರೂ ರಕ್ತದಲ್ಲಿ ಓಡಾಡುವ ಕ್ಯಾನ್ಸರ್ ಕಣಗಳನ್ನು, ಲಿವರ್‌ನ ಚುಕ್ಕೆಗಳನ್ನು ಅದು ಮುಟ್ಟುವುದಿಲ್ಲ. ಹರಡಿದ ಕಾಯಿಲೆಗೆ ಇಡೀ ದೇಹಕ್ಕೆ ಹೋಗುವ ಔಷಧಿಯೇ ಬೇಕು, ಅಂದರೆ ಕೀಮೋ. ಅದರ ಲಾಭಕ್ಕೂ ಮಿತಿ ಇದೆ, ಅದನ್ನೂ ಮುಚ್ಚಿಡುವುದಿಲ್ಲ. 2011ರಲ್ಲಿ ಫ್ರಾನ್ಸ್‌ನಿಂದ ಬಂದ ಒಂದು ಮುಖ್ಯ ಅಧ್ಯಯನದಲ್ಲಿ, ಹರಡಿದ ಕಾಯಿಲೆ ಇದ್ದವರಲ್ಲಿ ನಾಲ್ಕು ಔಷಧಿ ಸೇರಿಸಿ ಕೊಡುವ ಫಾಲ್ಫಿರಿನಾಕ್ಸ್ ತೆಗೆದುಕೊಂಡವರ ಮಧ್ಯಮ ಆಯಸ್ಸು 11.1 ತಿಂಗಳು. ಜೆಮ್ಸಿಟಾಬಿನ್ ಅನ್ನುವ ಕೀಮೋ ಔಷಧಿ ಒಂದನ್ನೇ ತೆಗೆದುಕೊಂಡವರದ್ದು 6.8 ತಿಂಗಳು. ಮಧ್ಯಮ ಅಂದರೆ ಅರ್ಧ ಜನ ಅದಕ್ಕಿಂತ ಜಾಸ್ತಿ, ಅರ್ಧ ಜನ ಅದಕ್ಕಿಂತ ಕಡಿಮೆ. ನಿಮ್ಮ ಅಪ್ಪ ಯಾವ ಅರ್ಧದಲ್ಲಿ ಅಂತ ಯಾವ ಪುಸ್ತಕವೂ ಹೇಳುವುದಿಲ್ಲ.

ಭಾವನವರಿಗೆ ಒಂದು ಮಾತು. ಅವರು ಗೂಗಲ್ ಮಾಡಿ ‘ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ’ ಅನ್ನಬಹುದು. ಔಷಧಿ, ಯಂತ್ರಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ತಂತ್ರಕ್ಕೆ 2004ರಲ್ಲಿ ಗರ್ಭಕೋಶದ ಫೈಬ್ರಾಯ್ಡ್ ಗಡ್ಡೆಗೆ, 2012ರಲ್ಲಿ ಮೂಳೆಗೆ ಹರಡಿದ ಕ್ಯಾನ್ಸರ್‌ನ ನೋವಿಗೆ, 2016ರಲ್ಲಿ ಕೈ ನಡುಕಕ್ಕೆ ಒಪ್ಪಿಗೆ ಕೊಟ್ಟದ್ದು ಹೌದು. 2023ರಲ್ಲಿ ಲಿವರ್‌ನ ಗಡ್ಡೆಗೆ ಹಿಸ್ಟೋಟ್ರಿಪ್ಸಿ ಅನ್ನುವ ತಮ್ಮನಿಗೂ ಸಿಕ್ಕಿತು. ಅದರಲ್ಲಿ ಸುಡುವುದಿಲ್ಲ, ಶಬ್ದದಿಂದ ಸಣ್ಣ ಗುಳ್ಳೆ ಎಬ್ಬಿಸಿ ಗಡ್ಡೆಯನ್ನು ಅರೆಯುತ್ತಾರೆ. ಇವುಗಳಲ್ಲಿ ಪ್ಯಾಂಕ್ರಿಯಾಸ್ ಇಲ್ಲ. ಫೈಬ್ರಾಯ್ಡ್‌ಗೆ ಸಿಕ್ಕಿದ ಸರ್ಟಿಫಿಕೇಟ್ ತೋರಿಸಿ ಪ್ಯಾಂಕ್ರಿಯಾಸ್‌ಗೆ ಹಣ ಕೇಳುವುದು ಆಟೋದ ಲೈಸೆನ್ಸ್ ತೋರಿಸಿ ಟ್ರಾಲ್ ಬೋಟ್ ಬಿಡುತ್ತೇನೆ ಅಂದ ಹಾಗೆ.

ನನಗೆ ವೈಯಕ್ತಿಕವಾಗಿ ಕುತೂಹಲ ಇರುವುದು ಸುಡದ ಇನ್ನೊಂದು ದಾರಿಯ ಬಗ್ಗೆ. ಪ್ಯಾಂಕ್ರಿಯಾಸ್ ಗಡ್ಡೆ ತೆಂಗಿನ ಸಿಪ್ಪೆಯ ಹಾಗೆ ನಾರು ನಾರು. ಕೀಮೋ ಔಷಧಿ ಅದರೊಳಗೆ ಇಳಿಯುವುದೇ ಕಷ್ಟ. ನಾರ್ವೆಯ ಬರ್ಗನ್‌ನಲ್ಲಿ 10 ರೋಗಿಗಳಿಗೆ ಜೆಮ್ಸಿಟಾಬಿನ್ ಕೊಟ್ಟು, ಜೊತೆಗೆ ರಕ್ತಕ್ಕೆ ಸೂಕ್ಷ್ಮ ಗುಳ್ಳೆಗಳ ಇಂಜೆಕ್ಷನ್ ಕೊಟ್ಟು, ಗಡ್ಡೆಯ ಮೇಲೆ ಮಾಮೂಲಿ ಸ್ಕ್ಯಾನಿಂಗ್ ಯಂತ್ರದ ಶಬ್ದ ಬಿಟ್ಟರು. ಗುಳ್ಳೆಗಳು ನಡುಗಿ ಔಷಧಿಗೆ ದಾರಿ ಬಿಡಿಸಿಕೊಡಲಿ ಅಂತ. 2016ರಲ್ಲಿ ಪ್ರಕಟಿಸಿದ ಪ್ರಕಾರ ಅವರ ಮಧ್ಯಮ ಆಯಸ್ಸು 17.6 ತಿಂಗಳು, ಮೊದಲು ಬರೀ ಔಷಧಿ ಪಡೆದವರದ್ದು 8.9. ಆಸೆ ಹುಟ್ಟಿಸುವ ಲೆಕ್ಕ. ಆದರೆ 10 ಜನ, ಹೋಲಿಸಿದ್ದು ಹಳೆಯ ರೋಗಿಗಳ ಜೊತೆ. ಹತ್ತು ಜನರ ಮೇಲೆ 12 ಸೆಂಟ್ಸ್ ಜಾಗ ಕಟ್ಟಬಾರದು. ಇಂಥದ್ದು ಅಧ್ಯಯನವಾಗಿ ನಡೆಯುವ ಕಡೆ ರೋಗಿ ಸೇರಿಕೊಂಡರೆ ಅಲ್ಲಿನ ಪ್ರಯೋಗದ ಚಿಕಿತ್ಸೆಗೆ ಸಾಮಾನ್ಯವಾಗಿ ಹಣ ಕೇಳುವುದಿಲ್ಲ, ಅದನ್ನು ನೆನಪಿಡಿ. ‘ಟ್ರಯಲ್’ ಅನ್ನುತ್ತಾ ಲಕ್ಷಗಟ್ಟಲೆ ಮುಂಗಡ ಕೇಳಿದರೆ ಅಲ್ಲಿಗೇ ಫೋನ್ ಇಟ್ಟುಬಿಡಿ.

ಈಗ ನನ್ನ ಚಿಂತೆಗೆ ಬರುತ್ತೇನೆ.

ನನ್ನ ದೊಡ್ಡಪ್ಪ ಮೂಲ್ಕಿಯವರು. ಇದೇ ಕಾಯಿಲೆ. ನಾನಾಗ ಹೊಸ ಡಾಕ್ಟರ್. ನೋವಿಗೆ ಮಾರ್ಫಿನ್ ಕೊಡೋಣ ಎಂಬ ಮಾತು ಬಂದಾಗ ಮನೆಯವರು ‘ಅಮಲಿನ ಮದ್ದು ಬೇಡ’ ಅಂದರು. ನಾನೂ ಜೋರಾಗಿ ವಾದಿಸಲಿಲ್ಲ. ಎರಡು ತಿಂಗಳು ಅವರು ಚಾವಡಿಯ ಕಂಬಕ್ಕೆ ಹಣೆ ಒತ್ತಿ ಕೂತೇ ರಾತ್ರಿ ಕಳೆದರು. ತಪ್ಪು ಯಾರದ್ದೋ ಅಲ್ಲ, ನಮ್ಮದೇ.

ಮಾರ್ಫಿನ್ ಮಾತ್ರೆಯಲ್ಲಿ ಬರುತ್ತದೆ, ಬಾಯಿಯಲ್ಲಿ ನುಂಗುವುದು. ತರಬೇತಿ ಪಡೆದ ಡಾಕ್ಟರ್ ಸಣ್ಣ ಪ್ರಮಾಣದಲ್ಲಿ ಶುರು ಮಾಡಿ ನೋವು ನೋಡಿಕೊಂಡು ಏರಿಸುತ್ತಾರೆ. ಹೊತ್ತು ಹೊತ್ತಿಗೆ ಕೊಡಬೇಕು, ನೋವು ತಾರಕಕ್ಕೆ ಏರಿದ ಮೇಲೆ ಅಲ್ಲ. ಮಲಬದ್ಧತೆ ಆಗಿಯೇ ಆಗುತ್ತದೆ, ಹಾಗಾಗಿ ಮೊದಲ ದಿನದಿಂದಲೇ ಅದಕ್ಕೂ ಔಷಧಿ ಕೊಡುತ್ತಾರೆ. ಮೊದಲ ಕೆಲವು ದಿನ ತೂಕಡಿಕೆ, ವಾಕರಿಕೆ ಇರಬಹುದು. ನೋವಿಗಾಗಿ ಲೆಕ್ಕದಲ್ಲಿ ತೆಗೆದುಕೊಳ್ಳುವ ರೋಗಿ ಚಟಗಾರ ಆಗಿಬಿಡುತ್ತಾನೆ ಅನ್ನುವುದು ಹಳೆಯ ಹೆದರಿಕೆ. ‘ಮಾರ್ಫಿನ್ ಶುರು ಮಾಡಿದರೆ ಮುಗಿಯಿತು ಅಂತ ಅರ್ಥ’ ಅನ್ನುವುದು ಇನ್ನೊಂದು ಹೆದರಿಕೆ. ಎರಡೂ ತಪ್ಪು. ಕೀಮೋ ನಡೆಯುತ್ತಿರುವಾಗಲೂ ಕೊಡುತ್ತಾರೆ. ಮಾದಕ ವಸ್ತು ಕಾನೂನಿನ ಬಿಗಿಯಿಂದಾಗಿ ಇದು ಸಿಗುವುದೇ ಕಷ್ಟವಾಗಿತ್ತು. 2014ರ ತಿದ್ದುಪಡಿ ಆದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ತರಿಸಿಡುವುದು ಸುಲಭವಾಗಿದೆ. ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ಅದಕ್ಕೇ ಸರಿಯಾದ ಜಾಗಕ್ಕೆ ಹೋಗಬೇಕು. ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ಮೆಡಿಸಿನ್ ಅಂತ ಪ್ರತ್ಯೇಕ ವಿಭಾಗವೇ ಇದೆ. ಮಲ್ಪೆಯಿಂದ ಎಷ್ಟು ದೂರ ಮಾರಾಯ್ರೇ? ಕಲ್ಸಂಕದ ಟ್ರಾಫಿಕ್ ಸೇರಿಸಿದರೂ ಒಂದು ಗಂಟೆ ಬೇಡ. ಅಲ್ಲಿಗೆ ಹೋಗುವುದು ಅಂದರೆ ಚಿಕಿತ್ಸೆ ಬಿಡುವುದು ಅಂತ ತಿಳಿಯಬೇಡಿ. ಕ್ಯಾನ್ಸರ್ ಡಾಕ್ಟರ್ ಅವರ ಕೆಲಸ ಮಾಡುತ್ತಾರೆ, ಇವರು ನೋವು, ನಿದ್ದೆ, ಊಟ ನೋಡುತ್ತಾರೆ.

ಮಾತ್ರೆ ಸಾಲದಿದ್ದರೆ ಇನ್ನೊಂದು ಉಪಾಯ ಇದೆ. ಇದನ್ನು ಜೋರಾಗಿ ಹೇಳುತ್ತೇನೆ, ಯಾಕೆಂದರೆ ಯಾರೂ ವಿಡಿಯೋ ಮಾಡಿ ಕಳಿಸುವುದಿಲ್ಲ. ಸೀಲಿಯಾಕ್ ಬ್ಲಾಕ್ ಅಂತ ಹೆಸರು. ಹೈಫು ಯಾವ ನರಜಾಲವನ್ನು ಸುಟ್ಟು ನೋವು ಇಳಿಸುತ್ತದೋ, ಅದೇ ನರಜಾಲಕ್ಕೆ ಸೂಜಿ ಹಾಕಿ ಆಲ್ಕೊಹಾಲ್ ಬಿಟ್ಟು ನೋವಿನ ದಾರಿ ಕಡಿಯುವುದು. ಸಿ.ಟಿ. ನೋಡಿಕೊಂಡು ಬೆನ್ನಿನ ಕಡೆಯಿಂದ ಮಾಡಬಹುದು. ಬಾಯಿಯಿಂದ ಎಂಡೋಸ್ಕೋಪ್ ಇಳಿಸಿಯೂ ಮಾಡಬಹುದು. 1914ರಿಂದಲೇ ಗೊತ್ತಿರುವ ವಿದ್ಯೆ, ನೂರು ವರ್ಷ ದಾಟಿದೆ. ಗ್ಯಾಸ್‌ನ ತಕರಾರು ಸೂಜಿಗೆ ಇಲ್ಲ. ಮಾಡಿದ ಮೇಲೆ ಬಿ.ಪಿ. ತುಸು ಇಳಿಯಬಹುದು, ಎರಡು ಮೂರು ದಿನ ಭೇದಿ ಆಗಬಹುದು. ಕಾಲಿನ ಶಕ್ತಿ ಹೋಗುವಂಥ ದೊಡ್ಡ ತೊಂದರೆ ತೀರಾ ಅಪರೂಪ, ಆದರೆ ಇದೆ, ಸಹಿ ಹಾಕುವ ಮೊದಲು ಡಾಕ್ಟರ್ ಹೇಳುತ್ತಾರೆ. ನೋವು ಪೂರ್ತಿ ಹೋಗದಿರಬಹುದು, ಕೆಲವು ತಿಂಗಳ ನಂತರ ವಾಪಸ್ ಬರಬಹುದು. ಮಾರ್ಫಿನ್ ಪ್ರಮಾಣವಂತೂ ಅನೇಕರಿಗೆ ಇಳಿಯುತ್ತದೆ. ಮಂಗಳೂರು, ಮಣಿಪಾಲದ ದೊಡ್ಡ ಆಸ್ಪತ್ರೆಗಳಲ್ಲಿ ಕೇಳಿ. ಆರೋಗ್ಯ ಕಾರ್ಡ್ ತೆಗೆದುಕೊಂಡು ಹೋಗಿ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಇದೆ. ಯಾವುದಕ್ಕೆ ಅನ್ವಯ ಆಗುತ್ತದೆ ಅಂತ ಕೌಂಟರ್‌ನಲ್ಲಿ ವಿಚಾರಿಸಿಕೊಳ್ಳಿ. ಚೀನಾದ ಬಿಲ್ಲಿಗೆ ಅದು ನಡೆಯುವುದಿಲ್ಲ ಅಂತ ನಾನು ಹೇಳಬೇಕಾಗಿಲ್ಲ.

ಹೋದಾಗ ಇನ್ನೂ ಎರಡು ವಿಷಯ ಕೇಳಿ. ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಅಡಿನೋಕಾರ್ಸಿನೋಮ’ ಅಂತ ಇದೆಯಾ, ‘ನ್ಯೂರೋಎಂಡೋಕ್ರೈನ್’ ಅಂತ ಇದೆಯಾ? ನ್ಯೂರೋಎಂಡೋಕ್ರೈನ್ ಸಾಮಾನ್ಯವಾಗಿ ನಿಧಾನದ ಕಾಯಿಲೆ, ಚಿಕಿತ್ಸೆಯೇ ಬೇರೆ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್‌ಗೆ ಇದ್ದದ್ದು ಅದು. 2003ರಲ್ಲಿ ಗೊತ್ತಾಗಿ 2011ರ ತನಕ ಬದುಕಿದರು. ಅವರ ಕತೆ ಓದಿ ಎಲ್ಲರಿಗೂ ಎಂಟು ವರ್ಷ ಅಂತ ಲೆಕ್ಕ ಹಾಕುವವರು ಇದ್ದಾರೆ, ಅದಕ್ಕೇ ಹೇಳಿದೆ. ಕೇಳಬೇಕಾದ ಎರಡನೆಯ ವಿಷಯ ಊಟದ್ದು. ತೂಕ ಇಳಿಯುತ್ತಿದೆಯಾ, ಮಲ ಎಣ್ಣೆ ಎಣ್ಣೆಯಾಗಿ ತೇಲುತ್ತದಾ? ಹಾಗಿದ್ದರೆ ಪ್ಯಾಂಕ್ರಿಯಾಸ್ ರಸ ಕರುಳಿಗೆ ಇಳಿಯುತ್ತಿಲ್ಲ ಅಂತ. ಊಟದ ಜೊತೆ ಎಂಜೈಮ್ ಕ್ಯಾಪ್ಸೂಲ್ ಕೊಡುತ್ತಾರೆ. ಸಣ್ಣ ವಿಷಯ ಅನಿಸಬಹುದು. ತಿಂದದ್ದು ಮೈಗೆ ಹತ್ತಿದರೆ ಹೊಟ್ಟೆ ಉಬ್ಬರ ಕಡಿಮೆಯಾಗುತ್ತದೆ, ಕೀಮೋ ತಡೆಯುವ ತ್ರಾಣ ಬರುತ್ತದೆ.

ಇದೆಲ್ಲ ಮಾಡಿಯೂ ನೋವು ನಿಲ್ಲಲಿಲ್ಲ, ಅಪ್ಪ ಎದ್ದು ಓಡಾಡುವಷ್ಟು ಗಟ್ಟಿ ಇದ್ದಾರೆ, ಗಡ್ಡೆ ಸ್ಕ್ಯಾನಿಂಗ್‌ನಲ್ಲಿ ಸರಿಯಾಗಿ ಕಾಣುತ್ತದೆ, ಕರುಳಿಗೆ ಕೊರೆದಿಲ್ಲ ಅಂತಾದರೆ ಆಗ ಹೈಫು ಬಗ್ಗೆ ಮಾತಾಡೋಣ. ಅಂಥ ಹೊತ್ತಿಗೆ ಏಜೆಂಟರ ಮೂಲಕ ಅಲ್ಲ, ನಿಮ್ಮ ಕ್ಯಾನ್ಸರ್ ಡಾಕ್ಟರ್ ಬರೆದ ಪತ್ರ ಮತ್ತು ಸಿ.ಟಿ. ಸಿ.ಡಿ. ಜೊತೆ ಆಸ್ಪತ್ರೆಗೇ ನೇರ ಬರೆಯಬೇಕು. ವರ್ಷಕ್ಕೆ ಎಷ್ಟು ಪ್ಯಾಂಕ್ರಿಯಾಸ್ ಮಾಡುತ್ತೀರಿ, ಎಷ್ಟು ಜನಕ್ಕೆ ಕರುಳು ಸುಟ್ಟಿತು, ವಾಪಸ್ ಬಂದ ಮೇಲೆ ತೊಂದರೆ ಆದರೆ ಯಾರು ನೋಡುತ್ತಾರೆ ಅಂತ ಕೇಳಬೇಕು. ಆ ಪತ್ರ ಬರೆಯುವ ಹಂತ ಬಂದರೆ ಸಿ.ಡಿ. ನನಗೂ ತನ್ನಿ. ಗಡ್ಡೆಗೆ ಶಬ್ದದ ದಾರಿ ಸಿಗುತ್ತದಾ ಅಂತ ನೋಡಿ ಹೇಳುತ್ತೇನೆ.

ಕೊನೆಗೆ ನೀವು ಪ್ರಶ್ನೆಯಾಗಿ ಕೇಳದೆ ಸುಮ್ನೆ ಬರೆದ ಸಾಲು. ಅಪ್ಪನಿಗೆ ಹೇಳಿಲ್ಲ, ಹುಣ್ಣು ಅಂದಿದ್ದೇವೆ. ನಮ್ಮ ಕಡೆ ನೂರರಲ್ಲಿ ತೊಂಬತ್ತು ಮನೆಯಲ್ಲಿ ಹೀಗೇ, ನಿಮ್ಮನ್ನು ಬೈಯುವುದಿಲ್ಲ. ಆದರೆ ಜಾಗ ಅವರ ಹೆಸರಿನಲ್ಲಿದೆ ಅಂದಿರಿ. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಹೆಬ್ಬೆಟ್ಟು ಒತ್ತಬೇಕಾದವರು ಅವರೇ. ಹುಣ್ಣಿನ ಚಿಕಿತ್ಸೆಗೆ ಜಾಗ ಯಾಕೆ ಮಾರಬೇಕು, ಚೀನಾಕ್ಕೆ ಯಾಕೆ ಹೋಗಬೇಕು ಅಂತ ಅವರು ಕೇಳಿದರೆ ಏನು ಹೇಳುತ್ತೀರಿ? ಮಣಿಪಾಲಕ್ಕೆ ಹೋಗುವಾಗ ಆ ಡಾಕ್ಟರಿಗೆ ಇದನ್ನು ಮೊದಲೇ ಹೇಳಿ. ಹೇಗೆ ಹೇಳುವುದು ಅಂತ ಅವರಿಗೆ ಅಭ್ಯಾಸ ಇದೆ, ನಿಮ್ಮ ಜೊತೆ ಕೂತು ಹೇಳುತ್ತಾರೆ. ಅಪ್ಪನಿಗೆ ಅರ್ಧ ಗೊತ್ತೇ ಇರಬಹುದು. ಕೀಮೋ ವಾರ್ಡಿನಲ್ಲಿ ಪಕ್ಕದ ಕುರ್ಚಿಯವರು ಹುಣ್ಣಿಗೆ ಬಂದವರಲ್ಲ ಅಂತ ಅವರು ನೋಡಿರುತ್ತಾರಲ್ಲ.